ನವಲಿ ಜಲಾಶಯ ಕಟ್ತಾರೆ ಸರಿ, ಅದಕ್ಕೆ ನೀರು ಯಾವ ದಾರಿಯಲ್ಲಿ ಬರುತ್ತೆ?

ತುದಿಭಾಗದ ರೈತ
ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಡ್ಯಾಂ ಗೇಟ್ ಬದಲಿಸೋ ಕೆಲಸ ಇರೋದರಿಂದ 2025-26ರ ಎರಡನೇ ಬೆಳೆಗೆ ನೀರು ಬಿಡಲ್ಲ ಅಂತ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯಲ್ಲಿ ತೀರ್ಮಾನ ಆದ ಮೇಲೆ ಎಡದಂಡೆ ಕಾಲುವೆಯ ತುದಿಯಲ್ಲಿರೋ ನಮ್ಮ ಸಿರವಾರ ಕಡೆ ಯಾವ ಚಹಾ ಅಂಗಡಿಗೆ ಹೋದರೂ ನವಲಿ ಮಾತೇ. ಡ್ಯಾಂನಲ್ಲಿ ಹೂಳು ತುಂಬಿ ಕಮ್ಮಿಯಾದ ಸಂಗ್ರಹಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಕಟ್ಟಬೇಕು ಅಂತಿರೋ ಜಲಾಶಯ ಅದು. ನವಲಿ ಆಗಿದ್ದರೆ ಈ ಗತಿ ಬರ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ.

ನನ್ನ ಪ್ರಶ್ನೆ ಒಂದೇ. ನವಲಿ ನದಿ ಮೇಲೆ ಇರೋ ಜಾಗ ಅಲ್ಲ. ಮಳೆ ಬಂದರೆ ತಾನಾಗಿ ತುಂಬೋ ಹಳ್ಳವೂ ಅಲ್ಲಿಲ್ಲ. ತುಂಗಭದ್ರಾ ಡ್ಯಾಂನಿಂದಲೇ ನೀರು ತರಬೇಕು. ಯಾವ ಕಾಲುವೆಯಲ್ಲಿ ತರ್ತಾರೆ? ಈಗಿರೋ ಎಡದಂಡೆ ಕಾಲುವೆಯಲ್ಲೇ ಅಂದರೆ ಮುಂಗಾರಿಯಲ್ಲಿ ನಮಗೆ ಬರೋ ನೀರಿಗೇ ಕತ್ತರಿ ಬೀಳಲ್ವಾ? ಈಗಲೇ ನಮ್ಮ ಕಡೆ ಗೇಜ್ (ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ) ಸಿಗೋದು ನಾಟಿ ಹೊತ್ತು ಮೀರಿದ ಮೇಲೆ. ಜಲಾಶಯ ಎಷ್ಟು ದೊಡ್ಡದು, ಎಷ್ಟು ಕೋಟಿ ಅಂತ ಪತ್ರಿಕೆಯಲ್ಲಿ ಓದಿದೀನಿ. ಇದೊಂದಕ್ಕೆ ಬಿಡಿಸಿ ಹೇಳಿದವರು ಯಾರೂ ಇಲ್ಲ. ತಿಳಿದವರು ಹೇಳಿ.

ಕಾರಟಗಿ ಕ್ಯಾಂಪ್
ಅಣ್ಣಾ, ಹೊಸ ಕಾಲುವೆನೇ ತೋಡ್ತಾರಂತ. ಪ್ರವಾಹದ ನೀರಿಗೆ ಬ್ಯಾರೆ ಸಮಾನಾಂತರ ಕಾಲುವೆ. ಎಡದಂಡೆ ಕಾಲುವೆ ಮುಟ್ಟಂಗಿಲ್ಲ.

ತುದಿಭಾಗದ ರೈತ
ಅದನ್ನೂ ಕೇಳಿದೀನಿ. ಆ ಕಾಲುವೆ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಹರಿಯೋ ಘನ ಅಡಿ), ಎಲ್ಲಿಂದ ಶುರು, ಯಾವ ದಿನ ಓಡುತ್ತೆ ಅನ್ನೋದೇ ಬೇಕಾಗಿರೋದು.

ಹೊಸಪೇಟೆ ಹುಡುಗ
ಹೂಳಿಂದ ಡ್ಯಾಂನಲ್ಲಿ 33 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಜಾಗ ಹೋಗಿದೆ, ಅದನ್ನ ನವಲಿಯಲ್ಲಿ ತುಂಬಿಸ್ತಾರೆ. ಅಷ್ಟೇ ವಿಷಯ. ಇದರಲ್ಲಿ ಅನುಮಾನ ಯಾಕೆ?

ಲೆಕ್ಕದ ಮೇಷ್ಟ್ರು
33 ಹಳೇ ಅಂಕಿ, ಈಗ ಅದನ್ನ ಬಿಡಿ. 1953ರಲ್ಲಿ ಡ್ಯಾಂ ಮುಗಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು 100.855ಕ್ಕೆ ಇಳಿದಿದೆ ಅಂದರು. ಆಮೇಲಿನ ಸಮೀಕ್ಷೆ 105.788 ಅಂತ ಹೇಳಿತು, ಈಗ ತುಂಗಭದ್ರಾ ಮಂಡಳಿ ಲೆಕ್ಕ ಹಿಡಿಯೋದು ಅದನ್ನೇ. ಅಂದರೆ ಕಳೆದುಕೊಂಡದ್ದು ಹತ್ತಿರ ಹತ್ತಿರ 27.

ಈಗ ರೈತರ ಪ್ರಶ್ನೆಗೆ ಬರ್ತೀನಿ. ಒಂದು ಕಾಲುವೆಯಲ್ಲಿ 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಎಡದಂಡೆ ಮುಖ್ಯ ಕಾಲುವೆಗೆ ತುಂಬು ಹಂಗಾಮಿನಲ್ಲಿ ಬಿಡೋದು 4100 ಕ್ಯೂಸೆಕ್ ಆಸುಪಾಸು. ಹಾಗಾದರೆ 1 ಟಿಎಂಸಿ ಸಾಗಿಸೋಕೆ ಸುಮಾರು ಮೂರು ದಿನ ಬೇಕು. 30 ಟಿಎಂಸಿ ಜಲಾಶಯ ತುಂಬಬೇಕು ಅಂದರೆ 85 ದಿನ, ಅದೂ ಒಬ್ಬ ರೈತನಿಗೂ ಒಂದು ಹನಿ ಕೊಡದೆ! ಆದ್ದರಿಂದ ಈಗಿನ ಕಾಲುವೆಯಲ್ಲಿ ನವಲಿ ತುಂಬಿಸೋ ಮಾತೇ ಇಲ್ಲ. ಹೊಸ ಕಾಲುವೆ ಬೇಕೇ ಬೇಕು, ಅದೂ ಸಣ್ಣದಲ್ಲ. 15,000 ಕ್ಯೂಸೆಕ್ ಅಂತ ಇಟ್ಟುಕೊಳ್ಳಿ, ಆಗ 23 ದಿನ. ಅದು ಈಗಿರೋ ಕಾಲುವೆಯ ಮೂರೂವರೆ ಪಟ್ಟು.

ಕೊಪ್ಪಳದವ
ಮೂರೂವರೆ ಪಟ್ಟು ಅಂದರೆ ಎಷ್ಟು ಅಗಲ ಆಗುತ್ತೆ ಯೋಚನೆ ಮಾಡಿ. ಮುನಿರಾಬಾದ್ ದಾಟಿದ ಮೇಲೆ ಗುಡ್ಡ, ಬಂಡೆ. ಗಂಗಾವತಿ ಹತ್ತಿರ ಪಾಪಯ್ಯ ಟನೆಲ್ ನೋಡಿದೀರಲ್ಲ, ಒಂದು ಕಾಲುವೆಗೇ ಗುಡ್ಡ ಕೊರೆದಿದಾರೆ. ಹೊಸದಕ್ಕೆ ಇನ್ನೊಂದು ಸಾಲು ಟನೆಲ್, ಮೇಲ್ಗಾಲುವೆ, ಸೇತುವೆ. ಜಲಾಶಯದ ಒಡ್ಡಿಗಿಂತ ಕಾಲುವೆಗೇ ದುಡ್ಡು ಜಾಸ್ತಿ ಹೋದರೂ ನನಗೆ ಆಶ್ಚರ್ಯ ಇಲ್ಲ.

ಭತ್ತದ ಗದ್ದೆ
ಇಷ್ಟೆಲ್ಲ ಯಾಕ? ಡ್ಯಾಮಿನ ಹೂಳು ತೆಗೀರಿ, ಮುಗೀತು. ಹೊಸ ಜಲಾಶಯನೂ ಬ್ಯಾಡ, ಮುಳುಗಡೆನೂ ಬ್ಯಾಡ.

ಲೆಕ್ಕದ ಮೇಷ್ಟ್ರು
1 ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. 30 ಟಿಎಂಸಿ ಹೂಳು ಹತ್ತಿರ ಹತ್ತಿರ 85 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಹಿಡಿಯುತ್ತೆ ಅಂದರೂ ಎಂಟೂವರೆ ಕೋಟಿ ಲೋಡ್. ಎಲ್ಲಿ ಸುರೀತೀರಿ?

ಭತ್ತದ ಗದ್ದೆ
2017ರ ಬ್ಯಾಸಿಗ್ಯಾಗ ರೈತರ ಸೇರಿ ಸ್ವಂತ ಖರ್ಚಿನಾಗ ಹೂಳು ತಗದ್ರಲ್ಲ ಸರ್. ಟ್ರ್ಯಾಕ್ಟರ್ ತಂದ್ರು, ಮಠದವ್ರು ಬಂದ್ರು, ರೊಟ್ಟಿ ಕಟಗೊಂಡು ಬಂದ್ರು. ಮನಸ್ಸಿದ್ರ ಆಗ್ತದ.

ನಿವೃತ್ತ ಎಇ
ಆ ಕೆಲಸಕ್ಕೆ ನನ್ನ ಪೂರ್ಣ ಗೌರವ ಇದೆ. ಅಂಚಿನಲ್ಲಿ ಒಣಗಿದ ಕಡೆ ಹೂಳು ತೆಗೆದು ಹೊಲಕ್ಕೆ ಹಾಕಿಕೊಂಡವರಿಗೆ ಲಾಭವೂ ಆಗಿದೆ. ಆದರೆ ಹೂಳಿನ ಬಹುಭಾಗ ಹಿನ್ನೀರಿನ ಒಳಗೆ ನೀರಡಿ ಕೂತಿದೆ. ಬೇಸಿಗೆಯಲ್ಲೂ ಅಲ್ಲಿಗೆ ಗಾಡಿ ಇಳಿಯಲ್ಲ. ಮಳೆಗಾಲ ಬಂದರೆ ಮತ್ತೆ ಹೊಸ ಹೂಳು. ಆದ್ದರಿಂದಲೇ ಪರ್ಯಾಯ ಸಂಗ್ರಹದ ಮಾತು ಬಂತು.

ಮೂಲ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೀತೀನಿ. ನದಿಯಿಂದ ದೂರ ಇರೋ ಜಲಾಶಯಕ್ಕೆ ನೀರು ಗುರುತ್ವದಲ್ಲಿ, ಅಂದರೆ ಪಂಪ್ ಇಲ್ಲದೆ ಹರಿದು ಬರಬೇಕು ಅಂದರೆ ಎರಡು ಮಟ್ಟ ಕೂಡಿ ಬರಬೇಕು. ಹೊಸ ಜಲಾಶಯ ತುಂಬಿದಾಗಿನ ಮಟ್ಟ ಡ್ಯಾಂ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ಕಾಲುವೆ ಉದ್ದಕ್ಕೂ ಬೇಕಾಗೋ ಇಳಿಜಾರನ್ನೂ ಅದರಲ್ಲಿ ಕಳೆಯಬೇಕು. ಆಮೇಲೆ ಆ ಜಲಾಶಯದ ತಳದ ತೂಬು ಎಡದಂಡೆ ಕಾಲುವೆಗಿಂತ ಮೇಲಿರಬೇಕು, ಇಲ್ಲದಿದ್ದರೆ ತುಂಬಿಸಿದ ನೀರು ಕಾಲುವೆಗೆ ವಾಪಸ್ ಬರಲ್ಲ. ತುಂಗಭದ್ರಾ ಪೂರ್ಣ ಮಟ್ಟ 1633 ಅಡಿ. ಈ ಎರಡರ ನಡುವೆ ಎಷ್ಟು ಅಡಿ ಸಿಗುತ್ತೋ ಅಷ್ಟೇ ನಿಮ್ಮ ಉಪಯೋಗದ ಸಂಗ್ರಹ. ಅದಕ್ಕಿಂತ ಕೆಳಗೆ ನಿಂತ ನೀರು ಮೀನಿಗೆ ಮತ್ತು ಪಂಪ್‌ಗೆ.

ಇನ್ನೊಂದು ಮುಖ್ಯ ವಿಷಯ. ಹೊಸ ಕಾಲುವೆಯ ತೂಬಿನ ಮಟ್ಟವನ್ನು ಡ್ಯಾಂನಲ್ಲಿ ಎತ್ತರದಲ್ಲಿ ಇಟ್ಟರೆ ಡ್ಯಾಂ ತುಂಬೋ ಹಂತಕ್ಕೆ ಬಂದಾಗ ಮಾತ್ರ ಅದರಲ್ಲಿ ನೀರು ಹೋಗುತ್ತೆ. ಮುಂಗಾರಿಯ ಪಾಲಿಗೆ ಯಾರೂ ಕೈ ಹಾಕೋಕಾಗಲ್ಲ. ಅಧಿಕಾರಿ ಬದಲಾಗಲಿ, ಸರ್ಕಾರ ಬದಲಾಗಲಿ, ಕಾಂಕ್ರೀಟ್ ಮಟ್ಟ ಬದಲಾಗಲ್ಲ. ತುದಿಭಾಗದವರು ಬೇಡಿಕೆ ಇಡೋದಾದರೆ ಈ ಮಟ್ಟದ ಬಗ್ಗೆ ಇಡಿ.

ತುದಿಭಾಗದ ರೈತ
ಇದು ಬಹಳ ಉಪಯೋಗದ ಮಾತು ಸರ್. ಆದರೆ 2023ರಂಥ ವರ್ಷ ಬಂದರೆ? ಆ ವರ್ಷ ಡ್ಯಾಂ ತುಂಬಲೇ ಇಲ್ಲ.

ನಿವೃತ್ತ ಎಇ
ಆ ವರ್ಷ ನವಲಿಗೂ ನೀರಿಲ್ಲ. ಹೆಚ್ಚು ನೀರು ಬಂದಾಗ ಹಿಡಿದಿಡೋ ಯೋಜನೆ ಇದು, ಮಳೆಯೇ ಇಲ್ಲದ ವರ್ಷಕ್ಕೆ ಇದರಿಂದ ಪರಿಹಾರ ಸಿಗಲ್ಲ. ಹಿಂದಿನ ವರ್ಷದ್ದು ಉಳಿಸಿಕೊಂಡಿದ್ದರೆ ಬೇರೆ ಮಾತು, ಆದರೆ ಎರಡನೇ ಬೆಳೆಗೆ ಬಿಟ್ಟಮೇಲೆ ಏನು ಉಳಿಯುತ್ತೆ?

ಹೊಸಪೇಟೆ ಹುಡುಗ
2025ರಲ್ಲೂ ಸಿಗ್ತಿರಲಿಲ್ಲ ಹಾಗಾದ್ರೆ. ಹಿಂದಿನ ವರ್ಷ ಗೇಟ್ ಕೊಚ್ಚಿಹೋದ ಭಯಕ್ಕೆ 80 ಟಿಎಂಸಿ ಮೇಲೆ ನಿಲ್ಲಿಸಲೇ ಇಲ್ಲ. ಬಂದದ್ದೆಲ್ಲ ನದಿಗೆ. ಎತ್ತರದ ತೂಬು ಇಟ್ಟಿದ್ರೆ ಆ ನೀರು ಕಣ್ಣೆದುರೇ ಹೋಗ್ತಿತ್ತು, ಕಾಲುವೆಗೆ ಒಂದು ಹನಿ ಬರ್ತಿರಲಿಲ್ಲ.

ನಿವೃತ್ತ ಎಇ
ಒಳ್ಳೆ ಪ್ರಶ್ನೆ. ಅದಕ್ಕೇ ತೂಬಿಗೆ ಎರಡು ಹಂತದ ಗೇಟ್ ಇಡಬಹುದು, ಕೆಳಗಿನದನ್ನು ನದಿಗೆ ನೀರು ಬಿಡ್ತಿರೋ ದಿನಗಳಲ್ಲಿ ಮಾತ್ರ ತೆಗೆಯೋ ನಿಯಮದ ಜೊತೆ. ಆದರೆ ನಿಯಮ ಅಂದಕೂಡಲೇ ಮತ್ತೆ ಮನುಷ್ಯರ ಕೈಗೆ ಬಂತು.

ನವಲಿ ಪಕ್ಕದೂರು
ನೀವೆಲ್ಲ ಟಿಎಂಸಿ, ಕ್ಯೂಸೆಕ್ ಲೆಕ್ಕ ಹಾಕ್ಲಿಕ್ಕತ್ತೀರಿ. ನಮ್ಮದೂ ಸ್ವಲ್ಪ ಕೇಳ್ರಿ. ನವಲಿ ಹೆಸರು ಕೇಳಿ ಕೇಳಿ ವರ್ಷಗಟ್ಟಲೆ ಆತು. 2022ರ ಬಜೆಟ್‌ನಾಗ 1000 ಕೋಟಿ ಅಂದ್ರು. ಸರ್ವೇದವ್ರು ಬಂದ್ರು, ಹೋದ್ರು. ಅವತ್ತಿಂದ ನಮ್ಮ ಕಡೆ ಹೊಲ ಕೊಳ್ಳೋರಿಲ್ಲ, ಬೋರು ಹಾಕ್ಸೋಣಂದ್ರ ಮುಳುಗೋ ಭೂಮಿಗೆ ಯಾಕ ಅಂತ ಮನ್ಯಾಗ ಬೈತಾರ. ನಮ್ಮಣ್ಣ ಮನಿ ಕಟ್ಟಬೇಕಂತ ಕಲ್ಲು ಇಳಿಸಿದ್ದ. ಆ ಕಲ್ಲು ಅಂಗಳದಾಗ ಹಂಗ ಬಿದ್ದಾವ, ಸಂದಿಯಾಗ ಜಾಲಿ ಬೆಳದೈತಿ. ಬ್ಯಾಂಕಿನಾಗ ಸಾಲ ಕೇಳಾಕ ಹೋದ್ರ ಮುಳುಗಡೆ ಊರಲ್ಲೇನು ಅಂತ ಕೇಳಿದ್ರು.

ನೀರು ಎಲ್ಲಿಂದ ತರ್ತಾರಂತ ಗಟ್ಟಿ ಆಗೋ ತನಕ ನಮ್ಮೂರಿನ ಹೆಸರು ಪ್ರತಿ ಬಜೆಟ್‌ನಾಗ ಎತ್ತಬ್ಯಾಡ್ರಿ. ನಾವು ವಿರೋಧ ಮಾಡಾಕತ್ತಿಲ್ಲ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ ಅಂತ ಹೇಳ್ರಿ.

ಕಾರಟಗಿ ಕ್ಯಾಂಪ್
ಇದು ನಿಜ ಅದ. ಆ ಕಡೆ ನೆಂಟರು ಅದಾರ, ಇದೇ ಮಾತು ಹೇಳ್ತಾರ.

ಸುರಪುರ ಸೀಮೆ
ನಮ್ಮ ಕೃಷ್ಣಾ ಕಡೆ ಬಸವಸಾಗರ ನೋಡಿ, 33 ಟಿಎಂಸಿ ಚಿಲ್ಲರೆ. ಆಲಮಟ್ಟಿ ಕೆಳಗೆ ಕೂತು ಎಡದಂಡೆ ಬಲದಂಡೆ ಎರಡಕ್ಕೂ ನೀರು ಕೊಡುತ್ತೆ. ನವಲಿನೂ ಹಾಗೇ ಆಗುತ್ತೆ, ಸುಮ್ಮನೆ ಹೆದರಬೇಡಿ.

ಲೆಕ್ಕದ ಮೇಷ್ಟ್ರು
ಬಸವಸಾಗರ ನದಿಯಲ್ಲೇ ಇದೆ ಸ್ವಾಮಿ. ಆಲಮಟ್ಟಿಯಲ್ಲಿ ಗೇಟ್ ಎತ್ತಿದರೆ ನದಿಯೇ ನೀರು ತಂದು ಹಾಕುತ್ತೆ, ಎರಡು ಲಕ್ಷ ಕ್ಯೂಸೆಕ್ ಬಂದರೂ ಹಿಡಿಯುತ್ತೆ. ನವಲಿಗೆ ಬರೋದು ಕಾಲುವೆಯ ಅಳತೆಯಷ್ಟೇ. ಡ್ಯಾಂಗೆ ಲಕ್ಷ ಕ್ಯೂಸೆಕ್ ಬರ್ತಿದ್ದರೂ 15,000 ಕ್ಯೂಸೆಕ್ ಕಾಲುವೆ 15,000ವೇ ಒಯ್ಯೋದು. ಕಣಜ ಎಷ್ಟು ದೊಡ್ಡದು ಕಟ್ಟಿದರೂ ಬಾಗಿಲಲ್ಲಿ ಒಂದು ಸಲಕ್ಕೆ ಒಂದೇ ಚೀಲ ಹೋಗೋದಾದರೆ ಸುಗ್ಗಿ ಮುಗಿಯೋದರೊಳಗೆ ತುಂಬಲ್ಲ.

ಹೈದರಾಬಾದ್ ಕನ್ನಡಿಗ
ಯಾರೂ ಅಂತರರಾಜ್ಯದ ಮಾತೇ ಎತ್ತಿಲ್ಲ. ಎಡದಂಡೆ ಕಾಲುವೆ ಕರ್ನಾಟಕದ ಕೈಯಲ್ಲಿದೆ, ಸರಿ. ಡ್ಯಾಂ ಮಾತ್ರ ತುಂಗಭದ್ರಾ ಮಂಡಳಿಯದು. ಡ್ಯಾಂನಿಂದ ಹೊಸ ತೂಬು ತೆಗೆಯೋಕೆ ಆಂಧ್ರ, ತೆಲಂಗಾಣ ಒಪ್ಪಬೇಕು. ಅವರು ಯಾಕೆ ಒಪ್ತಾರೆ? ಕೋಡಿ ಹರಿದು ಹೋಗೋ ನೀರು ಕೆಳಗೆ ಶ್ರೀಶೈಲಕ್ಕೆ ಸೇರುತ್ತೆ. ತುಂಗಭದ್ರಾ ಸೇರಿ ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ 1976ರ ಐತೀರ್ಪಿನಲ್ಲಿ ಹಂಚಿಕೆಯಾಗಿ ಉಳಿದ ಹೆಚ್ಚುವರಿ ನೀರು ಬಳಸೋ ಸ್ವಾತಂತ್ರ್ಯ ಆಗಿನ ಆಂಧ್ರಕ್ಕೇ ಕೊಟ್ಟಿದಾರೆ, ಅದು ಹಕ್ಕಾಗಲ್ಲ ಅನ್ನೋ ಷರತ್ತಿನ ಮೇಲೆ. ನೀವು ಪ್ರವಾಹದ ನೀರು ಅಂತ ಕರೆದ ಕೂಡಲೇ ಅವರು ಅದು ನಮ್ಮದು ಅಂತಾರೆ.

ಭತ್ತದ ಗದ್ದೆ
ಅದ್ಹ್ಯಾಂಗ ಅವರದಾಗ್ತದ? ನಮ್ಮ ಮಲೆನಾಡಿನಾಗ ಬಿದ್ದ ಮಳಿ!

ಹೈದರಾಬಾದ್ ಕನ್ನಡಿಗ
ಮಳೆ ಎಲ್ಲಿ ಬಿತ್ತು ಅಂತ ನ್ಯಾಯಮಂಡಳಿ ನೋಡಲ್ಲ ಅಣ್ಣಾ. ಹಂಚಿಕೆ ಎಷ್ಟು ಅಂತ ನೋಡುತ್ತೆ.

ನಿವೃತ್ತ ಎಇ
ಇದರಲ್ಲಿ ಒಂದು ತಿದ್ದುಪಡಿ ಬೇಕು. ಬಚಾವತ್ ಪ್ರಕಾರ ತುಂಗಭದ್ರಾ ಡ್ಯಾಂನಿಂದ ಬಳಕೆಗೆ 212 ಟಿಎಂಸಿ, ಆವಿಯಾಗೋದಕ್ಕೆ 18, ಒಟ್ಟು 230. ಆ 212ರಲ್ಲಿ ಕರ್ನಾಟಕದ ಪಾಲು 138.99. ಹೂಳಿನಿಂದಾಗಿ ಸಂಗ್ರಹ ಕಮ್ಮಿಯಾಗಿ ಆ ಪಾಲನ್ನೇ ಪೂರ್ತಿ ಬಳಸೋಕೆ ಆಗ್ತಿಲ್ಲ. ಅಂದರೆ ನಾವು ಕೇಳೋದು ಹೊಸ ನೀರನ್ನಲ್ಲ, ಕೊಟ್ಟ ನೀರನ್ನು ಇಡೋ ಜಾಗವನ್ನ. ಪ್ರವಾಹದ ನೀರು ಅನ್ನೋ ಬದಲು ಈ ದಾರಿಯಲ್ಲಿ ವಾದ ಮಂಡಿಸಿದರೆ ಗಟ್ಟಿ. ಕೃಷ್ಣಾ ನೀರು ಹಂಚಿಕೆಗೆ ಆಮೇಲೆ ಬಂದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯ 2010ರ ತೀರ್ಪು ಇನ್ನೂ ಗೆಜೆಟ್ ಆಗಿಲ್ಲ, ಅದನ್ನು ಕಾಯ್ತಾ ಕೂತರೆ ನಮ್ಮ ಮೊಮ್ಮಕ್ಕಳ ಕಾಲ ಬರುತ್ತೆ.

ಒಪ್ಪಂದಕ್ಕೆ ಒಂದು ಹಾದಿಯೂ ಇದೆ. ಬಲದಂಡೆ ಮೇಲ್ಮಟ್ಟದ ಕಾಲುವೆಗೆ ಸಮಾನಾಂತರ ಕಾಲುವೆ ಬೇಕು ಅಂತ ಆಂಧ್ರವೂ ಕೇಳ್ತಿದೆ. ಅವರಿಗೂ ಹೂಳಿನ ನಷ್ಟ ಆಗಿದೆ. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಅವರ ಕಾಲುವೆ, ನಮ್ಮ ಕಾಲುವೆ ಎರಡನ್ನೂ ಒಟ್ಟಿಗೆ ಮಾತಾಡಬೇಕು.

ಬಳ್ಳಾರಿ ಬಲದಂಡೆ
ಮಾತಾಡ್ರಿ, ಆದ್ರ ಬಲದಂಡೆಯೊಳಗ ಬಳ್ಳಾರಿ ರೈತರೂ ಇದೀವಿ ಅನ್ನೋದು ಮರೀಬ್ಯಾಡ್ರಿ. ನವಲಿಗೆ ಬೇಕಂತ ಎಲ್ಲಾ ಒಪ್ಪಿಕೊಂಡು ಬಂದ್ರ ನಮ್ಮ ಮೆಣಸಿನಕಾಯಿಗೆ ನೀರು ಯಾರು ಕೊಡ್ತಾರ?

ಮಂಡ್ಯದವನು
ನಮ್ ಮೇಕೆದಾಟು ಕಥೆನೂ ಇದೇ ಕಣ್ರಣ್ಣ. ಸಮತೋಲನ ಜಲಾಶಯ ಅಂತಾರೆ, 67 ಟಿಎಂಸಿ ಅಂತಾರೆ, ಪಕ್ಕದ ರಾಜ್ಯ ಬೇಡ ಅನ್ನುತ್ತೆ, ವರ್ಷ ಉರುಳ್ತವೆ.

ಕೊಪ್ಪಳದವ
ಮೇಕೆದಾಟು ನದಿ ಮೇಲೆ ಇರೋದು, ಬೇರೆ ವಿಷಯ. ಹೋಲಿಕೆ ಬೇಕಂದರೆ ಸಿಂಗಟಾಲೂರು ಏತ ನೀರಾವರಿ ನೋಡಿ. ಹಮ್ಮಿಗಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದ್ದಾರೆ, ಗೇಟ್ ಇದೆ, ನದಿಯಲ್ಲಿ ನೀರೂ ಬರುತ್ತೆ. ಹಿನ್ನೀರಿನ ಊರುಗಳ ಸ್ಥಳಾಂತರ ಮುಗಿದಿಲ್ಲ ಅಂತ ಪೂರ್ತಿ ಸಾಮರ್ಥ್ಯಕ್ಕೆ ನೀರು ನಿಲ್ಲಿಸೋಕಾಗದೆ ವರ್ಷಗಳೇ ಕಳೆದವು. ಇದನ್ನ ನಮ್ಮ ಜಿಲ್ಲೆಯವರೇ ಕಣ್ಣಾರೆ ಕಂಡಿದೀವಿ. ನವಲಿ ಪಕ್ಕದೂರಿನವರು ಹೇಳಿದ್ದಕ್ಕೆ ಯಾಕೆ ಬೆಲೆ ಕೊಡಬೇಕು ಅಂದರೆ ಇದಕ್ಕೇ. ಒಡ್ಡು ಮೊದಲು, ಊರು ಆಮೇಲೆ ಅಂತ ಹೊರಟರೆ ಕಟ್ಟಿದ ಜಲಾಶಯ ಖಾಲಿ ಕೂರುತ್ತೆ.

ಸುರಪುರ ಸೀಮೆ
ಕಾಲುವೆ ಕಷ್ಟ ಅಂದರೆ ಏತ ನೀರಾವರಿ ಮಾಡಿ. ಡ್ಯಾಂ ಕೆಳಗೆ ನದಿಯಿಂದ ಎತ್ತಿ ಹಾಕೋದು. ಡ್ಯಾಂಗೆ ತೂತು ಕೊರೆಯೋ ಗೋಜೇ ಇಲ್ಲ.

ಲೆಕ್ಕದ ಮೇಷ್ಟ್ರು
50 ಮೀಟರ್ ಎತ್ತಬೇಕು ಅಂತ ಲೆಕ್ಕಕ್ಕೆ ಹಿಡಿಯಿರಿ. 1 ಟಿಎಂಸಿಗೆ ಸುಮಾರು 50 ಲಕ್ಷ ಯೂನಿಟ್ ವಿದ್ಯುತ್ ಬೇಕು. 30 ಟಿಎಂಸಿಗೆ 15 ಕೋಟಿ ಯೂನಿಟ್, ಪ್ರತಿ ವರ್ಷ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪ್ರವಾಹ ಇರೋ ಮೂರು ನಾಲ್ಕು ವಾರದಲ್ಲಿ ಅಷ್ಟೂ ಎತ್ತಬೇಕು. ಅಷ್ಟು ದೊಡ್ಡ ಪಂಪ್‌ಗಳು ಉಳಿದ ಹನ್ನೊಂದು ತಿಂಗಳು ತುಕ್ಕು ಹಿಡೀತಾ ನಿಲ್ಲುತ್ತವೆ.

ಹೊಸಪೇಟೆ ಹುಡುಗ
2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗ ನಾನು ಊರಲ್ಲೇ ಇದ್ದೆ. ಸೇತುವೆ ಹತ್ತಿರ ನಿಂತರೆ ಮುಖಕ್ಕೆ ತುಂತುರು ಹೊಡೀತಿತ್ತು, ಪಕ್ಕದವರ ಮಾತು ಕೇಳ್ತಿರಲಿಲ್ಲ. ಒತ್ತಡ ಇಳಿಸೋಕೆ ಎಲ್ಲಾ ಗೇಟ್ ತೆಗೆದು 30 ಟಿಎಂಸಿಗೂ ಹೆಚ್ಚು ನೀರು ನದಿಗೆ ಬಿಟ್ಟರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಗೇಟ್ ಬದಲು ನೀರು ತಡೆಯೋ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿತು, ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆಮೇಲೆ ಮಳೆ ಬಂದು ಡ್ಯಾಂ ಮತ್ತೆ ತುಂಬಿತು! ಒಂದೇ ಹಂಗಾಮಿನಲ್ಲಿ ಅಷ್ಟು ಕಳೆದುಕೊಂಡೂ ಮತ್ತೆ ತುಂಬಿತು ಅಂದರೆ ಹೆಚ್ಚುವರಿ ನೀರು ಇದೆ ಅಂತಲೇ ಅರ್ಥ. ನವಲಿ ಇದ್ದಿದ್ದರೆ ಆವತ್ತು ಹೋದದ್ದು ಅಲ್ಲಿ ಇರ್ತಿತ್ತು.

ಲೆಕ್ಕದ ಮೇಷ್ಟ್ರು
ಹೆಚ್ಚುವರಿ ನೀರು ಇದೆ, ಒಪ್ಪಿದೆ. ಆದರೆ ಆ ವಾರ ಹರಿದ ಲಕ್ಷ ಕ್ಯೂಸೆಕ್‌ನಲ್ಲಿ ನವಲಿ ಕಾಲುವೆ ಹಿಡೀತಿದ್ದದ್ದು ವಾರಕ್ಕೆ 9 ಟಿಎಂಸಿ. ಅದೂ ಕಮ್ಮಿ ಅಲ್ಲ. 30 ಅಂತ ಮಾತ್ರ ಹೇಳಬೇಡಿ.

ತುದಿಭಾಗದ ರೈತ
9 ಟಿಎಂಸಿ ಸಿಕ್ಕರೂ ನಮಗೆ ಬಂಗಾರ. ಆದರೆ ಈಗ ನನ್ನ ಇನ್ನೊಂದು ಚಿಂತೆ ಹೇಳ್ತೀನಿ. ನವಲಿಯಿಂದ ನೀರು ಮತ್ತೆ ಎಡದಂಡೆ ಕಾಲುವೆಗೇ ಅಲ್ವಾ ಬೀಳೋದು? ಆಮೇಲೆ ನಮ್ಮ ತನಕ ಬರೋದು ಯಾವ ಗ್ಯಾರಂಟಿ? 227 ಕಿಲೋಮೀಟರ್ ಕಾಲುವೆ. 69ನೇ ಮೈಲಲ್ಲಿ ಗೇಜ್ ಸರಿ ಇದ್ದ ದಿನವೂ 104ನೇ ಮೈಲಲ್ಲಿ ಇರಲ್ಲ. ನಡುವೆ ದಂಡೆ ಮೇಲೆ ನಡೆದು ನೋಡಿ, ಕರೀ ಪೈಪು ಕಾಲುವೆಗೆ ಇಳಿದಿರ್ತವೆ, ಹಗಲು ಹುಲ್ಲು ಮುಚ್ಚಿರ್ತಾರೆ, ಕತ್ತಲಾದ ಮೇಲೆ ಮೋಟಾರ್ ಸದ್ದು. ಪೊಲೀಸ್ ಕಾವಲು ಹಾಕಿ ನಿಷೇಧಾಜ್ಞೆ ಜಾರಿ ಮಾಡಿದಾಗ ನಾಲ್ಕು ದಿನ ನೀರು ಬರುತ್ತೆ.

ಕಾರಟಗಿ ಕ್ಯಾಂಪ್
ಮೇಲಿನವ್ರು ಎಲ್ಲಾ ಕಳ್ಳರು ಅನ್ನೋ ಹಂಗ ಬರೀಬ್ಯಾಡ್ರಿ ಅಣ್ಣಾ. ನಾವೂ ಆನ್ ಅಂಡ್ ಆಫ್ ಪದ್ಧತಿಯೊಳಗ (ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು) ಸಸಿಮಡಿ ಒಣಗಿಸ್ಕೊಂಡವ್ರ ಅದೀವಿ.

ತುದಿಭಾಗದ ರೈತ
ಅಣ್ಣಾ, ನಿಮ್ಮನ್ನ ಅಂದಿಲ್ಲ. ಅಚ್ಚುಕಟ್ಟಿನ ಹೊರಗೆ ಎಳ್ಕೊಂಡು ಹೋಗಿರೋ ಜಮೀನಿನ ಬಗ್ಗೆ ಹೇಳಿದ್ದು.

ಸಿಂಧನೂರು ಜೋಳ
ಎಲ್ಲರೂ ಒಂದು ಮಾತು ಬಿಟ್ಟೀರಿ. ಈ ಕಾಲುವೆ ತೋಡಿದಾಗ ಬಹುಪಾಲು ಜೋಳ, ಶೇಂಗಾ, ಹತ್ತಿಗೆ ಅಂತ ಲೆಕ್ಕ ಹಾಕಿದ್ರು, ಭತ್ತ ಸ್ವಲ್ಪ. ಈಗ ಸೋನಾ ಮಸೂರಿ ಬಿಟ್ಟು ಬ್ಯಾರೆ ಕಾಣಲ್ಲ. ನವಲಿ ಅಲ್ಲ, ಇನ್ನೆರಡು ಜಲಾಶಯ ಕಟ್ಟಿದ್ರೂ ಎರಡು ಸಲ ಭತ್ತಕ್ಕೆ ಸಾಲಂಗಿಲ್ಲ.

ಭತ್ತದ ಗದ್ದೆ
ಜೋಳಕ್ಕ ರೇಟ್ ಕೊಡ್ರಿ, ನಾಳೆನೇ ಜೋಳ ಬಿತ್ತತೀವಿ. ಕಾಲುವೆ ನೀರು ನಿಂತ ಹೊಲದಾಗ ಈಗ ಜೋಳ ಬರ್ತದೇನು, ಅದೂ ಹೇಳ್ರಿ. ಸವಳಾಗಿ ಹೋಗ್ಯಾವ.

ಸಿಂಧನೂರು ಜೋಳ
ಮುಂಗಾರಿಗೆ ಬರಲ್ಲ ಒಪ್ಪಿದೆ. ಹಿಂಗಾರಿಗೆ ಯಾಕ ಬರಲ್ಲ? ಈ ವರ್ಷ ಎರಡನೇ ಬೆಳೆಗೆ ನೀರಿಲ್ಲ ಅಂದಿದ್ದಕ್ಕ ನಮ್ಮೂರಾಗ ಹಸಿ ಮೇಲೆ ಕಡಲಿ, ಜೋಳ ಹಾಕ್ಯಾರ. ನಾನೂ ಹಾಕೀನಿ. ತೆನಿ ಹಿಡದೈತಿ.

ಭತ್ತದ ಗದ್ದೆ
ಕಟಾವು ಆದ ಮ್ಯಾಲ ಎಷ್ಟು ಚೀಲ ಬಂತು, ಎಷ್ಟಕ್ಕ ಹೋತು ಅಂತ ಇಲ್ಲೇ ಬರೀರಿ. ಅದು ನೋಡಿ ಮಾತಾಡ್ತೀನಿ.

ನಿವೃತ್ತ ಎಇ
ವಿಷಯ ಬೇರೆ ಕಡೆ ಹೋಯ್ತು, ಆದರೆ ಅದೂ ಬೇಕಾದದ್ದೇ. ತುದಿಭಾಗದವರ ಎರಡನೇ ಪ್ರಶ್ನೆಗೆ ಒಂದು ಸಾಧ್ಯತೆ ಹೇಳ್ತೀನಿ. ಈಗ ಸಿರವಾರದಲ್ಲಿ ನೀರು ಕಮ್ಮಿ ಅಂತ ಗೊತ್ತಾಗಿ ಡ್ಯಾಂನಲ್ಲಿ ಹೆಚ್ಚು ಬಿಟ್ಟರೆ ಅದು ಬಂದು ಮುಟ್ಟೋಕೆ ದಿನಗಳೇ ಹಿಡೀತವೆ, ದಾರಿಯಲ್ಲಿ ಸೋರಿಕೆ ಬೇರೆ. ಕಾಲುವೆಯ ನಡುಭಾಗಕ್ಕೆ ಒಂದು ಸಂಗ್ರಹ ಬಂದರೆ ಅಲ್ಲಿಂದ ಕೆಳಗಿನವರಿಗೆ ಬೇಗ ಮುಟ್ಟಿಸಬಹುದು. ಅಂದರೆ ಡ್ಯಾಂ ನೀರು ಮೇಲಿನ ಭಾಗಕ್ಕೆ, ನವಲಿ ನೀರು ಕೆಳಗಿನ ಭಾಗಕ್ಕೆ ಅಂತ ನಿಯಮದಲ್ಲೇ ಬರೆಯಬೇಕು. ಯೋಜನಾ ವರದಿಯಲ್ಲೇ ಆ ಸಾಲು ಇರಬೇಕು. ಕಟ್ಟಿದ ಮೇಲೆ ಐಸಿಸಿ ಸಭೆಯಲ್ಲಿ ಕೇಳಿದರೆ ಯಾರೂ ಕೊಡಲ್ಲ.

ನವಲಿ ಪಕ್ಕದೂರು
ಭೂಮಿ ಕೊಡೋ ಊರುಗಳಿಗೂ ಒಂದು ಸಾಲು ಬರೀರಿ ಸರ್. ನೀರು ನಮ್ಮ ಅಂಗಳದಾಗ ನಿಂತು ಮುಂದ ಹೋಗ್ತದ. ಉಳಿದ ನಮ್ಮ ಒಣಬೇಸಾಯದ ಹೊಲಕ್ಕ ಒಂದು ತೂಬು ಬೇಕು.

ನಿವೃತ್ತ ಎಇ
ನ್ಯಾಯವಾದ ಬೇಡಿಕೆ. ಖಂಡಿತ ಸೇರಿಸಬೇಕು.

ಕೊಪ್ಪಳದವ
ಹಾಗಾದರೆ ಮುಂದಿನ ಐಸಿಸಿ ಸಭೆಗೆ ಮೊದಲು ಒಂದು ಮನವಿ ಬರೆಯೋಣ. ತೂಬಿನ ಮಟ್ಟ, ಕಾಲುವೆಯ ಕ್ಯೂಸೆಕ್, ಹೊಸ ಕಾಲುವೆಗೆ ನೀರು ಬಿಡೋ ದಿನಗಳ ನಿಯಮ, ತುದಿಭಾಗದ ಪಾಲು, ಮುಳುಗಡೆ ಊರುಗಳ ತೂಬು. ಮೇಷ್ಟ್ರು ಲೆಕ್ಕ ಬರೆದುಕೊಟ್ಟರೆ ನಾನು ಟೈಪ್ ಮಾಡಿಸ್ತೀನಿ.

ಲೆಕ್ಕದ ಮೇಷ್ಟ್ರು
ಬರೆದುಕೊಡ್ತೀನಿ. ಆದರೆ ಹಿಂದಿನ ಇಪ್ಪತ್ತು ವರ್ಷ ಯಾವ ಯಾವ ದಿನ ನದಿಗೆ ಎಷ್ಟು ಬಿಟ್ಟರು ಅನ್ನೋ ಪಟ್ಟಿ ಮಂಡಳಿಯಿಂದ ತರಿಸಬೇಕು. ಅದು ಇಲ್ಲದೆ 23 ದಿನ ಸಾಕಾ, ಸಾಲದಾ ಅಂತ ಹೇಳೋಕಾಗಲ್ಲ. ಯಾರಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಹೊಸಪೇಟೆ ಹುಡುಗ
ನಾನು ಹಾಕ್ತೀನಿ. ಯಾವ ವರ್ಷದಿಂದ ಕೇಳಲಿ, 2005 ಸಾಕಾ?

ಬಳ್ಳಾರಿ ಬಲದಂಡೆ
ಬಲದಂಡೆ ಕಾಲುವೆಗಳ ಲೆಕ್ಕನೂ ಅದರಾಗ ಸೇರಿಸ್ರಿ. ಆಮೇಲೆ ನಾನೂ ಸಹಿ ಹಾಕ್ತೀನಿ.